ಹೊಳೆಗಿಳಿದವರು, ಕಡಲು ದಾಟಿದವರು

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ಊರುಗಳು ಕಡಲಿಗೆ ಬಹುದೂರ. ಎತ್ತ ನೋಡಿದರೂ ಕರಿಯ ಎರೆಭೂಮಿ. ಜೋಳ, ಹತ್ತಿ, ನಡುನಡುವೆ ತಲೆಯೆತ್ತಿ ನಿಂತ ಒಂದೊಂದು ಗುಡ್ಡ. ನೀರೆಂದರೆ ಇಲ್ಲಿಯವರಿಗೆ ಮಲಪ್ರಭೆ, ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತುವ ಬೆಣ್ಣೆಹಳ್ಳ. ಹಡಗು ಎಂಬ ಮಾತು ಈ ಸೀಮೆಯ ಮನೆಗಳೊಳಗೆ ಬಂದದ್ದು ಕಥೆಯ ಪುಸ್ತಕಗಳಲ್ಲಿ ಕುಳಿತು.

ಅಂಥ ಪುಸ್ತಕಗಳನ್ನು ನಾನು ಬಾಲ್ಯದಲ್ಲಿ ನನ್ನ ಸೋದರತ್ತೆಗೆ ಓದಿ ಹೇಳುತ್ತಿದ್ದೆನು. ಅವರು ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಕಣ್ಣು ಮಂಜಾದ ಮೇಲೆ ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ರಾತ್ರಿ ಊಟವಾದ ಮೇಲೆ ಕಂದೀಲಿನ ಮುಂದೆ ಕುಳಿತು ಓದುವುದು, ಅವರು ಬತ್ತಿ ಹೊಸೆಯುತ್ತ ಕೇಳುವುದು. ಕಥೆಯ ಹುಡುಗಿ ವಿಮಾನವನ್ನೊ ಹಡಗನ್ನೊ ಏರಿ ಪರದೇಶಕ್ಕೆ ಹೋದಳೆಂದರೆ ಅತ್ತೆಯವರ ಕೈ ನಿಲ್ಲುತ್ತಿತ್ತು. ಅವಳು ಅಲ್ಲಿ ಯಾರನ್ನು ಪ್ರೀತಿಸಿದಳು, ಏನು ಉಟ್ಟಳು, ಏನು ಉಂಡಳು ಎಂಬುದನ್ನು ಅವರು ಕೇಳುತ್ತಿರಲಿಲ್ಲ. ಅವರ ಪ್ರಶ್ನೆ ಒಂದೇ: “ಏ ತಮ್ಮಾ, ಕಡೀಕ ಆಕಿ ತಿರುಗಿ ಬಂದಳೇನೋ?”

ಆ ಪ್ರಶ್ನೆಯ ಅರ್ಥ ಆಗ ನನಗೆ ತಿಳಿದಿರಲಿಲ್ಲ. ಹುಡುಗಿ ಊರಿಗೆ ಮರಳಬೇಕೆಂದು ಮುದುಕಿಗೆ ಆಸೆ ಎಂದುಕೊಂಡಿದ್ದೆನು. ಈಗ ಹಾಗೆನಿಸುವುದಿಲ್ಲ. ತರುಣಿಯೊಬ್ಬಳು ಪರದೇಶಕ್ಕೆ ಹೋಗಿ ತನ್ನನ್ನು ತಾನು ಕಂಡುಕೊಳ್ಳುವ ಪ್ರಣಯ ಕಾದಂಬರಿಗಳು ಇಂದು ಜಗತ್ತಿನ ಎಲ್ಲ ಭಾಷೆಗಳಲ್ಲಿಯೂ ಮಾಲೆಮಾಲೆಯಾಗಿ ಬರುತ್ತಿವೆ. ಮೊದಲ ಭಾಗದಲ್ಲಿ ಹೊರಡುವಳು, ಎರಡನೆಯದರಲ್ಲಿ ಅಳುವಳು, ಮೂರನೆಯದರಲ್ಲಿ ಅರಳುವಳು. ವಾಚಕರಿಗೆ ಈ ಹದ ಚೆನ್ನಾಗಿ ಪರಿಚಿತ. ಆದರೆ ಕನ್ನಡ ನಾಡಿನ ಮಟ್ಟಿಗೆ ಈ ಕಥೆ ಯಾವಾಗ ಮೊದಲಾಯಿತು? ಕಡಲು ದಾಟಿದ ಮೊದಲಿನವಳು ಯಾರು? ಅವಳ ಹಿಂದೆ ನಮ್ಮ ಕಾದಂಬರಿಯ ನಾಯಕಿ ಎಷ್ಟು ತಡವಾಗಿ ಹೊರಟಳು? ಇದನ್ನು ಹುಡುಕಹೊರಟರೆ ನಾವು ತಲುಪುವುದು ಕಥೆಯ ಪುಸ್ತಕಕ್ಕಲ್ಲ. 1858ನೆಯ ಇಸವಿಗೆ, ನರಗುಂದದ ಗುಡ್ಡದ ಕೆಳಗೆ.

ಒಂದೇ ಬೇಸಗೆಯ ಎರಡು ಸಂಗತಿಗಳು

ಈ ಸೀಮೆಯ ಇತಿಹಾಸವೆಂದರೆ ಬಹುಮಟ್ಟಿಗೆ ಗಂಡಸರ ಇತಿಹಾಸ. 1785ರಲ್ಲಿ ನರಗುಂದದ ಮುತ್ತಿಗೆಯೊಡನೆ ಹೊತ್ತಿಕೊಂಡ ಮೈಸೂರು–ಮರಾಠರ ಯುದ್ಧವು 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಆರಿತು. ಅನಂತರ 1858. ನರಗುಂದದ ಬಾಬಾಸಾಹೇಬ ಭಾವೆಯವರಿಗೆ ಗಂಡುಮಕ್ಕಳಿರಲಿಲ್ಲ. ದತ್ತಕಕ್ಕೆ ಕಂಪನಿ ಸರಕಾರವು ಒಪ್ಪಲಿಲ್ಲ. ಮೇಲೆ ಆಯುಧಗಳನ್ನೊಪ್ಪಿಸಬೇಕೆಂಬ ಅಪ್ಪಣೆ. ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಮ್ಯಾನ್‌ಸನ್ ಎಂಬ ಆಂಗ್ಲ ಅಧಿಕಾರಿಯ ಕೊಲೆಯಾಯಿತು. ಜೂನ್ ಮೊದಲಲ್ಲಿ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಇದು ಎಲ್ಲ ಶಾಲೆಯ ಮಕ್ಕಳಿಗೂ ಗೊತ್ತು. ಆ ಗದ್ದಲದ ನಡುವೆ ಇನ್ನೊಂದು ಸಂಗತಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: ಬಾಬಾಸಾಹೇಬರ ತಾಯಿ ಮತ್ತು ಹೆಂಡತಿ ಮಲಪ್ರಭೆಗಿಳಿದು ಪ್ರಾಣ ನೀಗಿದರು.

ಅತ್ತೆ-ಸೊಸೆಯರಿಗೆ ಬೇರೆ ದಾರಿ ಇದ್ದಿತೆ? ಓಡಿಹೋಗಲು ಗಂಡಸರಿಗೆ ಕಾಡು ಇದ್ದಿತು, ಹೈದರಾಬಾದಿನ ಸೀಮೆ ಇದ್ದಿತು, ಪಂಢರಪುರದ ಯಾತ್ರಿಕರ ವೇಷವಿದ್ದಿತು. ವಾಡೆಯ ಹೆಂಗಸರಿಗೆ ಹೊಸಿಲಿನಾಚೆ ಕಂಡದ್ದು ಹೊಳೆಯೊಂದೇ.

ಅದೇ ಬೇಸಗೆಯಲ್ಲಿ, ಇದಕ್ಕಿಂತ ಐದಾರು ವಾರ ಮೊದಲು, ಏಪ್ರಿಲ್ 23ರಂದು, ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ತಾಣವದು. ತಂದೆ ಕಾರ್ಕಳದ ಬಳಿಯ ಮಾಳದವರು, ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಮಗುವಿಗೆ ರಮಾ ಎಂದು ಹೆಸರಿಟ್ಟರು. ಇಪ್ಪತ್ತೈದು ವರ್ಷಗಳ ಮೇಲೆ ಅದೇ ರಮಾ, ಪಂಡಿತಾ ರಮಾಬಾಯಿ ಎಂಬ ಹೆಸರಿನಿಂದ, ಮುಂಬಯಿಯಲ್ಲಿ ಹಡಗು ಹತ್ತಿದರು. ನರಗುಂದದ ವಾಡೆಗೂ ಗಂಗಾಮೂಲದ ಆಶ್ರಮಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಒಂದೇ ನಾಡಿನ ಒಂದೇ ಬೇಸಗೆಯಲ್ಲಿ ಹೆಣ್ಣಿನ ಮುಂದೆ ನೀರು ಎರಡು ಬಗೆಯಾಗಿ ನಿಂತಿತು. ಒಂದು ಕೊನೆ, ಇನ್ನೊಂದು ದಾರಿ.

ಗಂಗಾಮೂಲದಿಂದ ಮುಂಬಯಿಯವರೆಗೆ

ಅನಂತಶಾಸ್ತ್ರಿಗಳ ಮನೆಯಲ್ಲಿ ವಿದ್ಯೆಗೆ ಮೊದಲು ಹಟ ಹುಟ್ಟಿದ್ದಿತು. ಅವರು ವಿದ್ಯಾರ್ಥಿಯಾಗಿದ್ದಾಗ ಪುಣೆಯ ಪೇಶವೆಯವರ ಅರಮನೆಯಲ್ಲಿ ತಮ್ಮ ಗುರುಗಳು ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡಿದ್ದರು. ರಾಣಿ ಕಲಿಯಬಹುದಾದರೆ ತನ್ನ ಹೆಂಡತಿ ಏಕೆ ಕಲಿಯಬಾರದು? ತರುಣ ಪತ್ನಿಗೆ ಸಂಸ್ಕೃತ ಕಲಿಸಲು ತೊಡಗಿದರು. ಊರಿನ ಪಂಡಿತರು ಆಕ್ಷೇಪಿಸಿದರು. ಶಾಸ್ತ್ರಿಗಳು ಊರು ಬಿಟ್ಟು ಕಾಡು ಸೇರಿ, ಅಲ್ಲಿ ಪಾಠಶಾಲೆ ಹೂಡಿದರು. ಹಾಗೆ ಕಲಿತ ಲಕ್ಷ್ಮೀಬಾಯಿಯೇ ಮುಂದೆ ಮಗಳಿಗೆ ನಸುಕಿನಲ್ಲಿ ಎಬ್ಬಿಸಿ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿಸಿದ ಗುರು. ಪುಸ್ತಕ ಹಿಡಿದ ತಾಯಿಯಿಂದ ಪುಸ್ತಕ ಹಿಡಿದ ಮಗಳು. ಆ ಕಾಲದ ಕನ್ನಡ ನಾಡಿನಲ್ಲಿ ಇದು ಸಾಮಾನ್ಯ ಮಾತಲ್ಲ.

ಮಗುವಿಗೆ ಆರು ತಿಂಗಳಾಗಿದ್ದಾಗ ಸಾಲದ ಹೊರೆಯಿಂದ ಆಶ್ರಮ ಕೈಬಿಟ್ಟಿತು. ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ರಮಾಬಾಯಿ ಗಂಗಾಮೂಲದಿಂದ ಹೊರಬಿದ್ದದ್ದು ಬೆತ್ತದ ಪೆಟ್ಟಿಗೆಯಲ್ಲಿ, ಆಳೊಬ್ಬನ ತಲೆಯ ಮೇಲೆ. ಮುಂದೆ ಹದಿನೈದು-ಹದಿನಾರು ವರ್ಷ ನಿಲುಗಡೆಯಿಲ್ಲದ ಅಲೆದಾಟ. ಪುರಾಣ ಹೇಳಿ ಬಂದ ಕಾಣಿಕೆಯಲ್ಲಿ ಜೀವನ. ಎಪ್ಪತ್ತರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆ ತಲುಪಿದಾಗ ಅವರಿಗೆ ಇಪ್ಪತ್ತು ವರ್ಷ. ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಗೌರವಿಸಿದರು.

ಕೀರ್ತಿ ಬಂದಿತು, ನೆಮ್ಮದಿ ಬರಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಎಂಬ ಬಂಗಾಳಿ ವಕೀಲರೊಡನೆ ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರಲ್ಲಿ ಕಾಲರಾ ಬೇನೆಗೆ ಗಂಡ ಬಲಿ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕಂಕುಳಲ್ಲಿ ಕೂಸು, ಹಿಂದೆ ತವರಿಲ್ಲ, ಮುಂದೆ ಅತ್ತೆಮನೆಯಿಲ್ಲ. ಅಂದಿನ ಸಮಾಜದ ಲೆಕ್ಕದಲ್ಲಿ ಅವರ ಕಥೆ ಅಲ್ಲಿಗೆ ಮುಗಿಯಬೇಕಾಗಿದ್ದಿತು. ಆದರೆ ಅವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ‘ಸ್ತ್ರೀಧರ್ಮನೀತಿ’ ಎಂಬ ಪುಸ್ತಕ ಬರೆದರು. ಶಿಕ್ಷಣವನ್ನು ಕುರಿತ ಹಂಟರ್ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ವೈದ್ಯರೂ ಶಿಕ್ಷಕಿಯರೂ ಬೇಕೆಂದು ಸಾಕ್ಷಿ ನುಡಿದರು. ಆ ಪುಸ್ತಕದ ಮಾರಾಟದಿಂದ ಬಂದ ಹಣವೇ ವಿಲಾಯತಿಯ ಪ್ರಯಾಣಕ್ಕೆ ಬುತ್ತಿಯಾಯಿತು. ಈ ಮಾತನ್ನು ಅಡಿಗೆರೆ ಹಾಕಿ ಓದಬೇಕು. ಅವರನ್ನು ಕಳಿಸಿದ ಗಂಡನಿಲ್ಲ, ತಂದೆಯಿಲ್ಲ, ಸಂಸ್ಥಾನವಿಲ್ಲ. ಹಡಗಿನ ಖರ್ಚನ್ನು ಹೆಣ್ಣೊಬ್ಬಳು ತನ್ನ ಲೇಖಣಿಯಿಂದ ದುಡಿದಳು.

ಎರಡು ಹಡಗುಗಳು

1883ರ ಏಪ್ರಿಲ್ ತಿಂಗಳಲ್ಲಿ ಹಿಂದೂಸ್ಥಾನದ ಎರಡು ರೇವುಗಳಿಂದ ಇಬ್ಬರು ತರುಣಿಯರು ಹೊರಟರು. ಕಲಕತ್ತೆಯಿಂದ ಹೊರಟವರು ಹದಿನೆಂಟು ವರ್ಷದ ಆನಂದೀಬಾಯಿ ಜೋಶಿ. ಅಮೇರಿಕೆಯ ಫಿಲಡೆಲ್ಫಿಯಾದಲ್ಲಿ ವೈದ್ಯ ವಿದ್ಯೆ ಕಲಿಯಲು. ಮುಂಬಯಿಯಿಂದ ಹೊರಟವರು ರಮಾಬಾಯಿ. ಎರಡು ವರ್ಷದ ಮನೋರಮಾ ಹಾಗೂ ಆನಂದೀಬಾಯಿ ಭಗತ್ ಎಂಬ ಗೆಳತಿಯೊಡನೆ, ಇಂಗ್ಲಂಡಿಗೆ. ಅಂದು ಕಡಲು ದಾಟುವುದೆಂದರೆ ಜಾತಿ ಕೆಡುವುದು. ತಿರುಗಿ ಬಂದ ಗಂಡಸು ಪಂಚಗವ್ಯ ಸ್ವೀಕರಿಸಿ, ದಕ್ಷಿಣೆಯಿತ್ತು ಒಳಗೆ ಬರಬಹುದಾಗಿದ್ದಿತು. ಆಗಲೂ ಪಂಕ್ತಿಯಲ್ಲಿ ಕೊನೆಯ ಎಲೆ. ಹೆಂಗಸು ಹೋದರೆ ಏನು ಮಾಡಬೇಕೆಂಬ ಪ್ರಶ್ನೆಯೇ ಅದುವರೆಗೆ ಹೆಚ್ಚಾಗಿ ಎದ್ದಿರಲಿಲ್ಲ.

ಇಂಗ್ಲಂಡಿನ ವಾಂಟೇಜಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಆಶ್ರಮದಲ್ಲಿ ವಸತಿ. ವೈದ್ಯಳಾಗಬೇಕೆಂಬ ಆಸೆ ಕಿವಿ ಮಂದವಾದುದರಿಂದ ಕೈಗೂಡಲಿಲ್ಲ. ಜೊತೆಗೆ ಬಂದ ಗೆಳತಿ ಕೆಲವೇ ತಿಂಗಳಲ್ಲಿ ತಾನಾಗಿ ಪ್ರಾಣ ಬಿಟ್ಟಳು. ಅದೇ ವರ್ಷ ಸಪ್ಟಂಬರದಲ್ಲಿ ರಮಾಬಾಯಿ ಕ್ರೈಸ್ತ ಮತವನ್ನು ಸ್ವೀಕರಿಸಿದರು. ಇತ್ತ ಪುಣೆಯಲ್ಲಿ ಅವರನ್ನು ಹೊಗಳಿದ ಬಾಯಿಗಳೇ ಹಳಿಯತೊಡಗಿದವು, ಸುಧಾರಕರಿಗೂ ನೋವಾಯಿತು.

ಅಲ್ಲಿಗೆ ಅವರು ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರಿದರೆಂದು ಬರೆದರೆ ಅದು ಅರ್ಧ ಸತ್ಯ. ಆಶ್ರಮದಲ್ಲಿಯೂ ಅವರು ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲಿ ಏಕೆ, ಸಂಸ್ಕೃತದಲ್ಲಿ ಏಕಾಗಬಾರದು ಎಂದು ಕೇಳಿದರು. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ತಾವು ಕಲಿಯುತ್ತ ಸಂಸ್ಕೃತ ಕಲಿಸುತ್ತಿದ್ದಾಗ, ಹಿಂದೂ ಹೆಂಗಸು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ತರವಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ತಡೆದರು. ತನ್ನ ದೇಶದಲ್ಲಿ ಗಂಡಸರೆದುರು ಸಭೆಯಲ್ಲಿ ನಿಂತು ಮಾತನಾಡಿದವಳಿಗೆ ಈ ಬುದ್ಧಿವಾದವೆ? ತಮ್ಮ ಮೇಲ್ವಿಚಾರಕಿ ಸೋದರಿ ಜೆರಾಲ್ಡಿನ್‌ರಿಗೆ ಬರೆದ ಕಾಗದಗಳಲ್ಲಿ ರಮಾಬಾಯಿಯವರ ವಾದ ನೇರವಾಗಿದೆ: ಒಂದು ಪುರೋಹಿತ ವರ್ಗದ ನೊಗವನ್ನು ಈಗ ತಾನೆ ಕಷ್ಟಪಟ್ಟು ಇಳಿಸಿದ್ದೇನೆ, ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂಬುದು ಅದರ ತಾತ್ಪರ್ಯ. ಪರದೇಶದಲ್ಲಿ ತನ್ನನ್ನು ಕಂಡುಕೊಳ್ಳುವುದೆಂದರೆ ಇದೇ ಅಲ್ಲವೆ? ಹೊಸದಕ್ಕೆ ಮಾರುಹೋಗುವುದಲ್ಲ, ಹಳೆಯದರ ಮುಂದೆ ನಿಂತ ಹಾಗೆ ಹೊಸದರ ಮುಂದೆಯೂ ನೆಟ್ಟಗೆ ನಿಲ್ಲುವುದು.

1886ರ ಮಾರ್ಚಿಯಲ್ಲಿ ಆನಂದೀಬಾಯಿ ಜೋಶಿಯವರಿಗೆ ವೈದ್ಯ ಪದವಿ ದೊರೆತಾಗ ದೂರದ ಸಂಬಂಧಿಯಾದ ರಮಾಬಾಯಿ ಫಿಲಡೆಲ್ಫಿಯಾದ ಸಭೆಯಲ್ಲಿದ್ದರು. ಸ್ವಲ್ಪ ದಿನಕ್ಕೆಂದು ಹೋದವರು ಎರಡೂವರೆ ವರ್ಷಕ್ಕೂ ಮೀರಿ ನಿಂತರು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು; ಅದನ್ನು ತಮ್ಮ ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದರು. ಡಾಕ್ಟರಾಗಿ ಮರಳಿದ ಆನಂದೀಬಾಯಿ 1887ರ ಫೆಬ್ರವರಿಯಲ್ಲಿ, ಇನ್ನೂ ಇಪ್ಪತ್ತೆರಡು ತುಂಬುವ ಮೊದಲೇ, ಕ್ಷಯದಿಂದ ತೀರಿಕೊಂಡಿದ್ದರು. ಅದೇ ವರ್ಷ ಡಿಸೆಂಬರದಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಸಂಘ ಹುಟ್ಟಿ, ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡುವ ವಚನವಿತ್ತಿತು.

ಮರಳಿದ್ದು ಸಾನ್‌ಫ್ರಾನ್ಸಿಸ್ಕೋದಿಂದ, ಜಪಾನು ಹಾಂಗ್‌ಕಾಂಗ್‌ಗಳ ಮಾರ್ಗವಾಗಿ. ಪಡುವಣಕ್ಕೆ ಹೋದವರು ಮೂಡಣದಿಂದ ಬಂದರು. ಗಂಗಾಮೂಲದ ಮಗಳು ಭೂಮಂಡಲವನ್ನೇ ಒಂದು ಸುತ್ತು ಹಾಕಿದ್ದಳು. 1889ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿಳಿದು, ಮಾರ್ಚಿ 11ರಂದು ಶಾರದಾ ಸದನವನ್ನು ತೆರೆದರು. ಮೊದಲ ವಿದ್ಯಾರ್ಥಿನಿ ಗೋದೂಬಾಯಿ ಎಂಬ ಬಾಲವಿಧವೆ. ಮುಂದೆ ಮಹರ್ಷಿ ಕರ್ವೆಯವರ ಕೈ ಹಿಡಿದವರು ಅವರೇ. ಮತಾಂತರದ ವಿವಾದದಿಂದ ಕೆಲವರು ಹಿರಿಯರು ಸದನದಿಂದ ದೂರ ಸರಿದರು. ಆ ವಿವಾದದಲ್ಲಿ ಎರಡು ಕಡೆಗೂ ತಮ್ಮ ತಮ್ಮ ನ್ಯಾಯವಿದ್ದಿತು. ಆದರೆ ಬರಗಾಲದ ಊರುಗಳಿಂದ ಅವರು ಕರೆತಂದು ಕೇಡಗಾವಿಯ ಮುಕ್ತಿಯಲ್ಲಿ ಅನ್ನವಿಟ್ಟ ಹುಡುಗಿಯರ ಹಸಿವಿಗೆ ಎರಡು ಕಡೆಗಳಿರಲಿಲ್ಲ. 1922ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು.

ಕಾದಂಬರಿಯ ಹಡಗಿನಲ್ಲಿ ಯಾರು?

ಈಗ ಕಥೆಯ ಪುಸ್ತಕಕ್ಕೆ ಬರೋಣ. ರಮಾಬಾಯಿ ಹಡಗು ಹತ್ತಿ ಹದಿನಾರು ವರ್ಷಗಳ ಮೇಲೆ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದರ ಖ್ಯಾತಿ. ಬಾಲವಿಧವೆಯಾದ ಇಂದಿರೆ ಮನೆಯ ಕಪಟ ಭಕ್ತರ ಕಾಟದಿಂದ ತಪ್ಪಿಸಿಕೊಂಡು, ಸಜ್ಜನರ ಆಶ್ರಯದಲ್ಲಿ ಓದು ಕಲಿತು, ಕೊನೆಗೆ ಭಾಸ್ಕರನನ್ನು ಮದುವೆಯಾಗುತ್ತಾಳೆ. ಅಂದಿನ ದಿನಕ್ಕೆ ಇದು ಎಂಥ ಎದೆಗಾರಿಕೆಯ ಕಥೆಯೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಕಾದಂಬರಿಯಲ್ಲಿ ಇಂಗ್ಲಂಡಿಗೆ ಹೋಗಿ ದೊಡ್ಡ ಅಧಿಕಾರಿಯಾಗಿ ಬರುವವನು ಭಾಸ್ಕರ. ಇಂದಿರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಮಾತ್ರ ಹೋಗುತ್ತಾಳೆ.

ಇದನ್ನು ಲೇಖಕರ ದೋಷವೆನ್ನುವಂತಿಲ್ಲ. ಬೀದಿಯನ್ನು ದಾಟುವುದೇ ವಿಧವೆಗೆ ಸಮುದ್ರೋಲ್ಲಂಘನವಾಗಿದ್ದಿತು. ಕಾದಂಬರಿಯು ಓದುಗರನ್ನು ಕರೆದುಕೊಂಡು ನಡೆಯಬೇಕಾದ ಪ್ರಕಾರ. ಒಮ್ಮೆಲೇ ಅವರನ್ನು ಬಿಟ್ಟು ಮುಂದೋಡಿದರೆ ಓದುವವರಾರು? ವ್ಯಕ್ತಿ ಮೊದಲು ಹೋಗುತ್ತಾನೆ, ಕಥೆ ಹಿಂದಿನಿಂದ ಬರುತ್ತದೆ. ಅದರಲ್ಲಿಯೂ ಹೆಣ್ಣಿನ ಕಥೆ ಇನ್ನೂ ಹಿಂದಿನಿಂದ.

ಎಷ್ಟು ಹಿಂದಿನಿಂದ ಎಂಬುದಕ್ಕೆ ನಮ್ಮ ಕಾದಂಬರಿಮಾಲೆಗಳೇ ಸಾಕ್ಷಿ. ನಂಜನಗೂಡು ತಿರುಮಲಾಂಬ ತಾವೇ ಬಾಲವಿಧವೆ. 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆಯನ್ನು ಕಟ್ಟಿ, ‘ಸುಶೀಲೆ’ಯಿಂದ ಮೊದಲುಮಾಡಿ ತಮ್ಮ ಕಾದಂಬರಿಗಳನ್ನು ತಾವೇ ಪ್ರಕಟಿಸಿದರು. ಹೆಣ್ಣು ಬರೆದು, ಹೆಣ್ಣು ಅಚ್ಚು ಹಾಕಿಸಿ, ಹೆಣ್ಣುಮಕ್ಕಳಿಗೆ ಕಳಿಸಿದ ಪುಸ್ತಕಗಳು ಅವು. ಅವುಗಳ ನಾಯಕಿಯರು ಮನೆಯೊಳಗಿನ ಧರ್ಮದಲ್ಲಿಯೇ ತಮ್ಮ ಗೌರವವನ್ನು ಹುಡುಕಿದರು. ಹಾಗಾದರೂ ಕಥೆ ಬರೆದವಳು ಸ್ವತಃ ಎಲ್ಲ ಗೆರೆಗಳನ್ನೂ ದಾಟಿದ್ದಳು.

ಉತ್ತರ ಕರ್ನಾಟಕಕ್ಕೆ 1933ರಲ್ಲಿ ಮನೋಹರ ಗ್ರಂಥಮಾಲೆ ಬಂದಿತು. ಗದಗಿನ ಹತ್ತಿರದ ಹೊಂಬಳದಲ್ಲಿ ಹುಟ್ಟಿದ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಅದನ್ನು ನೆಟ್ಟರು. ಮೊದಲೇ ಚಂದಾ ಕೊಟ್ಟವರ ಮನೆಗೆ ಪುಸ್ತಕ ಅಂಚೆಯಲ್ಲಿ ಬರುವ ವ್ಯವಸ್ಥೆ. ಹೊಳೆಆಲೂರಿನ ರೈಲು ನಿಲ್ದಾಣದಲ್ಲಿಳಿದ ಅಂಚೆಯ ಚೀಲವು ಒಳನಾಡಿಗೆ ಹೊಸ ಕಥೆಗಳನ್ನು ಹೊತ್ತು ತರುತ್ತಿದ್ದಿತು. ಹೊಳೆಆಲೂರೆಂದರೆ ಆಲೂರ ವೆಂಕಟರಾಯರ ಮನೆತನದ ಊರು; ಪುಸ್ತಕದ ರುಚಿ ಅಲ್ಲಿಗೆ ಹೊಸದಲ್ಲ. ವಿನಾಯಕ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು, ‘ಸಮರಸವೇ ಜೀವನ’ವೆಂಬ ಹಲವು ಭಾಗಗಳ ಕಾದಂಬರಿಯನ್ನು ಕಟ್ಟಿದರು, ಅದರ ಒಂದು ಭಾಗದ ಹೆಸರೇ ‘ಸಮುದ್ರಯಾನ’. ಕನ್ನಡದಲ್ಲಿ ಕಾದಂಬರಿಯ ಸರಣಿಯೊಂದು ಕಡಲಿಗಿಳಿದದ್ದು ಹೀಗೆ. ಅದರ ನಾಯಕ ನರಹರಿ, ಗಂಡಸು. ಆ ಕಾಲದ ಪ್ರವಾಸ ಕಥನಗಳೂ ಗಂಡಸರವೇ: ಕಾರಂತರ ‘ಅಪೂರ್ವ ಪಶ್ಚಿಮ’, ಮುಂದೆ ಗೊರೂರರ ‘ಅಮೆರಿಕದಲ್ಲಿ ಗೊರೂರು’.

ರೋಣದ ಹುಡುಗ

ಮನೋಹರ ಗ್ರಂಥಮಾಲೆ ಹುಟ್ಟಿದ ಅದೇ 1933ರಲ್ಲಿ ಈ ಸೀಮೆಯಲ್ಲಿ ಇನ್ನೊಂದು ನಡೆಯಿತು. 1922ರಲ್ಲಿ ರೋಣದಲ್ಲಿ ಹುಟ್ಟಿದ ಹುಡುಗನೊಬ್ಬ, ಹನ್ನೊಂದನೆಯ ವಯಸ್ಸಿಗೆ, ಹಾಡು ಕಲಿಸುವ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದನು. ಟಿಕೀಟಿಲ್ಲದೆ ರೈಲು ಹತ್ತಿ, ಸಿಕ್ಕವರ ಮುಂದೆ ಹಾಡಿ, ಗ್ವಾಲಿಯರವರೆಗೆ ಹೋದನು. ಅವನೇ ಮುಂದೆ ಭೀಮಸೇನ ಜೋಶಿ, ಭಾರತರತ್ನ. ಆ ಓಟವನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದುದೇ. ಆದರೆ ಅದೇ ವರ್ಷ, ಅದೇ ಓಣಿಯಿಂದ, ಅದೇ ವಯಸ್ಸಿನ ಹುಡುಗಿಯೊಬ್ಬಳು ಗುರುವನ್ನು ಹುಡುಕಿಕೊಂಡು ರೈಲು ಹತ್ತಿದ್ದರೆ ಕಥೆ ಏನಾಗುತ್ತಿದ್ದಿತು? ಹುಡುಗ ಓಡಿಹೋದರೆ ‘ಸಾಧನೆಗೆ ಹೋದ’. ಹುಡುಗಿ ಹೋದರೆ ‘ಓಡಿಹೋದಳು’. ಒಂದೇ ಕ್ರಿಯಾಪದ, ಅರ್ಥದಲ್ಲಿ ಕಡಲಿನಷ್ಟು ಅಂತರ.

ಅತ್ತೆಯವರ ಪ್ರಶ್ನೆಯ ಒಳಗುಟ್ಟು ನನಗೆ ಹೊಳೆದದ್ದು ಇಲ್ಲಿಯೇ. ಗಂಡು ಹೋದರೆ ಅವನು ಮರಳಿ ಬರುವನೋ ಎಂದು ಊರು ಕಾಯುತ್ತದೆ. ಬಂದ ದಿನ ಆರತಿಯೆತ್ತುತ್ತದೆ. ಹೆಣ್ಣು ಹೋದರೆ ಮರಳಿ ಬರಲು ಊರು ಬಿಡುವುದೋ ಎಂಬುದೇ ಪ್ರಶ್ನೆ. ಅವರು ಕೇಳುತ್ತಿದ್ದುದು ‘ಹುಡುಗಿಗೆ ಬುದ್ಧಿ ಬಂತೇ’ ಎಂದಲ್ಲ. ‘ಬಾಗಿಲು ತೆರೆದಿತ್ತೇ’ ಎಂದು.

ಹೊರಗಿನವಳು ಬಂದಳು, ಒಳಗಿನವಳು ಹೋದಳು

ಸ್ವಾತಂತ್ರ್ಯದ ಅನಂತರ ಕನ್ನಡ ಕಾದಂಬರಿ ಒಂದು ಬಳಸು ದಾರಿ ಹಿಡಿಯಿತು. ನಮ್ಮವಳನ್ನು ಹೊರಗೆ ಕಳಿಸುವ ಮೊದಲು ಹೊರಗಿನವಳನ್ನು ಇಲ್ಲಿಗೆ ಕರೆತಂದಿತು. 1968ರಲ್ಲಿ ಬಂದ ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ಯಲ್ಲಿ ಅಮೇರಿಕೆಯಲ್ಲಿ ಬೇಸಾಯ ಶಾಸ್ತ್ರ ಕಲಿತ ಕಾಳಿಂಗನ ಕೈ ಹಿಡಿದು ಹಿಲ್ಡಾ ಎಂಬ ತರುಣಿ ಕಾಳೇನಹಳ್ಳಿಗೆ ಬರುತ್ತಾಳೆ. ಹಸು ತಾಯಿಯೋ ಹಾಲಿನ ಸಾಧನವೋ ಎಂಬಲ್ಲಿ ಎರಡು ಲೋಕಗಳು ಡಿಕ್ಕಿ ಹೊಡೆಯುತ್ತವೆ. ಶಾಂತಿನಾಥ ದೇಸಾಯಿಯವರ ಕೊನೆಯ ಕಾದಂಬರಿ ‘ಓಂ ಣಮೋ’ದಲ್ಲಿ ಇಂಗ್ಲಂಡಿನ ಆನ್ ಸಂಶೋಧನೆಗೆಂದು ಕರ್ನಾಟಕಕ್ಕೆ ಬಂದು ಜೈನ ಬಾಳಿನ ನಡುವೆ ತನ್ನ ಪ್ರಶ್ನೆಗಳನ್ನು ಎದುರಿಸುತ್ತಾಳೆ. ಅದಕ್ಕೆ 2000ದಲ್ಲಿ, ಲೇಖಕರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಪರದೇಶದಲ್ಲಿ ತನ್ನನ್ನು ಹುಡುಕುವ ತರುಣಿ ಇಲ್ಲಿದ್ದಾಳೆ. ಆದರೆ ಅವಳಿಗೆ ಪರದೇಶವೆಂದರೆ ನಮ್ಮ ದೇಶ.

ಇನ್ನು ಜನಪ್ರಿಯ ಧಾರಾವಾಹಿಗಳು. ನಾನು ಅತ್ತೆಗೆ ಓದಿ ಹೇಳಿದವು ಬಹುಪಾಲು ಇವೇ. ಇವುಗಳಲ್ಲಿ ಪರದೇಶವು ವರನ ರೂಪದಲ್ಲಿ ಬರುತ್ತಿದ್ದಿತು. ಅಮೇರಿಕೆಯಲ್ಲಿ ನೌಕರಿಯಿರುವ ಹುಡುಗ ಹದಿನೈದು ದಿನದ ರಜೆಯಲ್ಲಿ ಬಂದು, ಹೆಣ್ಣು ನೋಡಿ, ತಾಳಿ ಕಟ್ಟಿ ಕರೆದೊಯ್ಯುವನು. ಹಿಮ ಬೀಳುವ ಊರಿನಲ್ಲಿ ಒಂಟಿ ಮನೆ, ಮುಚ್ಚಿದ ಕಿಟಕಿ, ಮೌನಿಯಾದ ಗಂಡ. ಈ ಕಥೆಗಳನ್ನು ವಿಮರ್ಶಕರು ತೂಕಕ್ಕೆ ಹಾಕಲಿಲ್ಲ. ಆದರೆ ಮಧ್ಯಮ ವರ್ಗದ ಲಕ್ಷಾಂತರ ಹೆಣ್ಣುಮಕ್ಕಳಿಗೆ ‘ಹೋದ ಮೇಲೆ ಏನು?’ ಎಂಬ ಪ್ರಶ್ನೆಯನ್ನು ಮೊದಲು ಕೇಳಿದವು ಇವೇ ಎಂಬುದನ್ನು ಮರೆಯಬಾರದು. ಅಲ್ಲಿಯ ನಾಯಕಿ ತನ್ನ ಟಿಕೀಟನ್ನು ತಾನು ಕೊಂಡಿರಲಿಲ್ಲ. ರಮಾಬಾಯಿಗಿಂತ ನೂರು ವರ್ಷ ಈಚಿನವಳಾದರೂ ಆ ಒಂದು ವಿಷಯದಲ್ಲಿ ನೂರು ವರ್ಷ ಹಿಂದಿದ್ದಳು.

ಆ ಟಿಕೀಟನ್ನು ತಾವೇ ಕೊಂಡವರು ಬಂದರು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ನೇಮಿಚಂದ್ರ ಗೆಳತಿಯೊಬ್ಬಳೊಡನೆ ದಕ್ಷಿಣ ಅಮೇರಿಕೆಗೆ ಹೋಗಿ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸ ಕಥನ ಬರೆದರು. ಅವರ ‘ಯಾದ್ ವಶೇಮ್’ 2007ರಲ್ಲಿ ಬಂದಿತು. ನಾಜಿಗಳ ಜರ್ಮನಿಯಿಂದ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಹುಡುಗಿ, ತಂದೆಯನ್ನೂ ಕಳೆದುಕೊಂಡು, ನೆರೆಯ ಕನ್ನಡ ಮನೆಯಲ್ಲಿ ಅನಿತಾ ಎಂಬ ಹೆಸರಿನಿಂದ ಬೆಳೆದು, ಆ ಮನೆಯ ಸೊಸೆಯೇ ಆಗುತ್ತಾಳೆ. ಮುಪ್ಪಿನಲ್ಲಿ ತನ್ನ ತಾಯಿ, ಅಕ್ಕ, ತಮ್ಮ ಏನಾದರೆಂದು ಹುಡುಕುತ್ತ ಯುರೋಪು, ಅಮೇರಿಕೆ, ಇಸ್ರೇಲುಗಳನ್ನು ಸುತ್ತುತ್ತಾಳೆ. ಅವಳಿಗೆ ಯಾವುದು ಸ್ವದೇಶ, ಯಾವುದು ಪರದೇಶ? ‘ತಿರುಗಿ ಬಂದಳೇನು’ ಎಂಬ ಪ್ರಶ್ನೆಗೆ ಕನ್ನಡ ಕಾದಂಬರಿಯಲ್ಲಿ ಇಷ್ಟು ಆಳವಾದ ತೊಡಕು ಹಿಂದೆ ಬಿದ್ದಿರಲಿಲ್ಲವೆಂದು ನನ್ನ ಅನಿಸಿಕೆ. ಹೋಗುವುದೂ ಬರುವುದೂ ಅಲ್ಲಿ ಒಂದೇ ಆಗಿಬಿಡುತ್ತದೆ.

ಹಾಗೆಂದು ತನ್ನನ್ನು ಕಾಣಲು ಕಡಲನ್ನೇ ದಾಟಬೇಕೆಂದು ಯಾರೂ ತಿಳಿಯಬೇಕಾಗಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಮಲೆನಾಡಿನ ಮನೆಯ ಹಿತ್ತಲು ದಾಟಿದ್ದು ಅಪರೂಪ. ಆದರೂ ಸತ್ಯವನ್ನು ಅವಳಷ್ಟು ನಿಚ್ಚಳವಾಗಿ ಕಂಡ ಪಾತ್ರಗಳು ನಮ್ಮಲ್ಲಿ ಕಡಿಮೆ. ಹೋಗುವುದೇ ದೊಡ್ಡದಲ್ಲ, ಹೋಗಬಹುದು ಎಂಬ ಬಾಗಿಲು ತೆರೆದಿರುವುದು ದೊಡ್ಡದು. ಫಣಿಯಮ್ಮನಿಗೆ ಆ ಬಾಗಿಲಿರಲಿಲ್ಲ. ನನ್ನ ಅತ್ತೆಗೂ ಇರಲಿಲ್ಲ.

ಕೊನೆಯ ಮಾತು

1997ರಲ್ಲಿ ಈ ಊರುಗಳು ಧಾರವಾಡ ಜಿಲ್ಲೆಯಿಂದ ಗದಗ ಜಿಲ್ಲೆಗೆ ಬಂದವು. 2018ರಲ್ಲಿ ಗಜೇಂದ್ರಗಡವೂ ತಾಲೂಕಾಯಿತು. ಮಗ್ಗದ ಮನೆಯಲ್ಲಿ, ಹತ್ತಿಯ ಹೊಲದ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ಬೆಂಗಳೂರಿಗೆ ಓದಲು ಹೋಗುತ್ತಾರೆ. ಅಲ್ಲಿಂದ ಮುಂದಕ್ಕೂ ಹೋಗುತ್ತಾರೆ. ಅವರ ಪರದೇಶದ ಕಥೆಯನ್ನು ಹೊರಗಿನವರು ಬರೆದ ಪ್ರಣಯಮಾಲೆಗಳಲ್ಲಿ ಹುಡುಕಬೇಕಾಗಿಲ್ಲ. ಅದಕ್ಕೆ ಒಂದು ಹಿಂದಿನ ಕಂತು ಉಂಟು. ಅದು 1883ರಲ್ಲಿ ನಡೆದದ್ದು, ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿದವಳು ನಡೆಸಿದ್ದು.

ಅತ್ತೆಯವರು ತೀರಿಕೊಂಡು ಬಹಳ ವರ್ಷಗಳಾದವು. ರಮಾಬಾಯಿಯವರ ಚರಿತ್ರೆಯನ್ನು ನಾನು ಓದಿದ್ದು ಅದರ ಅನಂತರ. ಮೊದಲೇ ಓದಿದ್ದರೆ ಅವರ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆನು: ಹೌದು ಅತ್ತೆ, ಬಂದಳು. ಆದರೆ ಹೋದ ಮನೆಗೆ ಬರಲಿಲ್ಲ. ಆ ಮನೆ ಎಂದೋ ಇಲ್ಲವಾಗಿತ್ತು. ಬಾಗಿಲು ತೆರೆಯಿರಿ ಎಂದು ಯಾರನ್ನೂ ಬೇಡಲಿಲ್ಲ. ತಾನೇ ಒಂದು ಮನೆ ಕಟ್ಟಿ, ನಿನ್ನಂಥವರಿಗಾಗಿ ಅದರ ಬಾಗಿಲನ್ನು ಒಳಗಿನಿಂದ ತೆಗೆದಳು.

ಹೊಳೆಆಲೂರಿನ ಸೇತುವೆಯ ಮೇಲೆ ರೈಲು ದಾಟುವಾಗ ಕೆಳಗೆ ಮಲಪ್ರಭೆ ಕಾಣುತ್ತದೆ. ಇದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಗಂಗಾಮೂಲದ ತುಂಗೆಯೂ ಭದ್ರೆಯ ಕೈ ಹಿಡಿದು ಕೊನೆಗೆ ಕೃಷ್ಣೆಯನ್ನೇ ಸೇರಿ ಕಡಲಿಗೆ ಹೋಗುತ್ತದೆ. ನರಗುಂದದ ಆ ಇಬ್ಬರು ಹೆಂಗಸರಿಗೆ ಹೊಳೆಯೇ ಕೊನೆಯಾಯಿತು. ಹೊಳೆ ಮಾತ್ರ ಅಲ್ಲಿಗೆ ನಿಂತಿರಲಿಲ್ಲ.